ನೀಲಿ ಕಾಗದದ ದ್ವೀಪ

ಬಾಗಿಲು ಕೂರಿಸಿ ಮುಗಿದ ಮೇಲೆ ಬೆರಳ ಗೆಣ್ಣಿನಿಂದ ಅದನ್ನು ಒಂದು ಸಲ ತಟ್ಟುವುದು ನನ್ನ ಚಾಳಿ. ದೆಹಲಿ ಅಂಚಿನ ಇಂದಿರಾಪುರಂನ ಎತ್ತರದ ಕಟ್ಟಡಗಳಲ್ಲಿ ನಾನು ಕೂರಿಸಿದ ಬಾಗಿಲುಗಳ ಲೆಕ್ಕ ನನಗೇ ಇಲ್ಲ. ಒಂದಾದರೂ ಮಳೆಗಾಲದಲ್ಲಿ ಉಬ್ಬಿಕೊಂಡು ಹಿಡಿಯಿತು, ಕೀಲು ಕಿರುಗುಟ್ಟಿತು ಎಂದು ಯಾರೂ ವಾಪಸ್ಸು ಕರೆದಿಲ್ಲ. ಒಂಬತ್ತನೇ ಕ್ಲಾಸು ದಾಟದವನು ಈ ಮಾತನ್ನು ತಲೆ ಎತ್ತಿಯೇ ಹೇಳುತ್ತೇನೆ. ನನ್ನ ಕೈಕೆಳಗಿನ ಕೆಲಸಗಾರರು ನಾನು ತಟ್ಟುವುದನ್ನು ನೋಡಿ ನಗುತ್ತಾರೆ.

“ಉಸ್ತಾದ್‌ಜೀ, ಖಾಲಿ ಫ್ಲ್ಯಾಟು. ಯಾರು ಬಂದು ತೆಗೀತಾರೆ ಅಂತ ತಟ್ತೀರಿ?”

ನಾನೂ ನಗುತ್ತೇನೆ. ಮನೆಯೊಳಗೆ ಯಾರೂ ಇಲ್ಲ ಎಂದು ಹೊರಗಿನ ಬೀಗ ನೋಡಿ ಹೇಳಲಾಗದು ಎನ್ನುವುದು ನನಗೆ ಹನ್ನೊಂದನೇ ವಯಸ್ಸಿನಿಂದ ಗೊತ್ತು. ಅದನ್ನು ಅವರಿಗೆ ಹೇಗೆ ವಿವರಿಸುವುದು?

ಆಗ ನಾವು ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು, ನೆಲಮಹಡಿಯಲ್ಲಿ. ಎರಡು ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ, ಹಿಂದೆ ನಾಲ್ಕು ಹೆಜ್ಜೆಯ ಅಂಗಳ. ಅಂಗಳದಿಂದ ಹಿಂಬದಿಯ ಗಲ್ಲಿಗೆ ಒಂದು ತಗಡಿನ ಬಾಗಿಲಿತ್ತು. ಮುಂಬಾಗಿಲ ಪಕ್ಕ ಡಾಲ್ಡಾ ಡಬ್ಬದಲ್ಲಿ ಅಮ್ಮನ ತುಳಸಿ. ಮೇಲಿನ ಮನೆಯಲ್ಲಿ ಅಪ್ಪನ ಆಫೀಸಿನವರೇ ಆದ ಶರ್ಮಾಜಿ, ಎದುರು ಬಾಗಿಲಿನಲ್ಲಿ ಕೊಡಗಿನ ಪೊನ್ನಮ್ಮ ಆಂಟಿ. ಆಂಟಿಯ ಗಂಡ ಸೈನ್ಯದಲ್ಲಿದ್ದು ಯಾವಾಗಲೂ ಗಡಿಯ ಕಡೆಗೇ ಇರುತ್ತಿದ್ದರು. ಆಂಟಿ ನರ್ಸು. ನಮ್ಮ ಬಾಗಿಲಿಗೂ ಅವರ ಬಾಗಿಲಿಗೂ ನಡುವೆ ಆರು ಹೆಜ್ಜೆ ಇತ್ತು. ಆ ಆರು ಹೆಜ್ಜೆಯನ್ನು ನಾನು ಆಮೇಲೆ ಬಹಳ ಸಲ ಮನಸ್ಸಿನಲ್ಲೇ ನಡೆದಿದ್ದೇನೆ. ಅಪ್ಪ ಗುಮಾಸ್ತರು, ಷರಟಿನ ಕಾಲರು ಹರಿದರೆ ಅಮ್ಮ ಅದನ್ನು ತಿರುಗಿಸಿ ಹೊಲಿದುಕೊಡುತ್ತಿದ್ದಳು, ಅವರು ಅದನ್ನೇ ಇಸ್ತ್ರಿ ಮಾಡಿ ಹಾಕಿಕೊಂಡು ಸಾಹೇಬರ ಹಾಗೆ ಹೋಗುತ್ತಿದ್ದರು. ನನಗೆ ಸೊಕ್ಕು ಬಂದದ್ದು ಅವರಿಂದಲೇ. ನನ್ನ ತಂಗಿ ಸುಮಾಳಿಗೆ ಆಗ ಐದು ವರ್ಷ. ಬಾಯಿ ಮುಚ್ಚದ ಹುಡುಗಿ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಮಾತು ಶುರುವಾಗುತ್ತಿತ್ತು.

ಸರ್ಕಾರಿ ನೌಕರರು ಕೆಲವು ವರ್ಷಕ್ಕೊಮ್ಮೆ ಸಂಸಾರ ಸಮೇತ ದೇಶ ನೋಡಿ ಬರಲಿ ಎಂದು ಸರ್ಕಾರವೇ ಪ್ರಯಾಣದ ಖರ್ಚು ಕೊಡುತ್ತದೆ. ಎಲ್‌ಟಿಸಿ ಎನ್ನುತ್ತಾರೆ. ಆ ವರ್ಷ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅಂಡಮಾನ್. ಕಲ್ಕತ್ತೆಯವರೆಗೆ ರೈಲು, ಅಲ್ಲಿಂದ ಹಡಗು, ಎಲ್ಲ ಸೇರಿ ಇಪ್ಪತ್ತು ದಿನ. ಅಪ್ಪನೂ ಅರ್ಜಿ ಹಾಕಿ ಮುಂಗಡ ತಗೊಂಡರು. ಅದೇ ವಾರ ಊರಿನಿಂದ ತಾತನ ಹೊಟ್ಟೆಯ ಆಪರೇಷನ್ನಿಗೆ ಕಾಗದ ಬಂತು. ದುಡ್ಡು ಊರಿಗೆ ಹೋಯಿತು, ತಾತ ಬದುಕಿದರು. ಆದರೆ ಹಣ ಬೇರೆ ಕಡೆ ಖರ್ಚಾಯಿತು ಎಂದು ಆಫೀಸಿನಲ್ಲಿ ಹೇಳುವುದು ಅಪ್ಪನಿಂದಾಗಲಿಲ್ಲ. ಸಾಲ ಕೇಳುವುದಂತೂ ಅವರ ಜಾತಕದಲ್ಲೇ ಇರಲಿಲ್ಲ. ಹೋಗದೆಯೇ ಹೋಗಿಬಂದ ಹಾಗೆ ಟಿಕೆಟ್ಟಿನ ಚೀಟಿ ಮಾಡಿಸಿಕೊಡುವ ಒಬ್ಬ ಏಜೆಂಟ್ ಸಿಕ್ಕ. ಹಾಗೆ ಮಾಡುವವರು ಬೇರೆಯವರೂ ಇದ್ದರು. ಅವರು ಸುಮ್ಮನೆ ತಮ್ಮ ಊರಿಗೆ ಹೋಗಿ ಕೂತು ಬರುತ್ತಿದ್ದರು. ನಮಗೆ ಊರಿಗೆ ಹೋಗುವ ದಾರಿಖರ್ಚಿಗೂ ದುಡ್ಡು ಉಳಿದಿರಲಿಲ್ಲ. ಆದ್ದರಿಂದ ನಾವು ನಮ್ಮ ಮನೆಯಲ್ಲೇ ಬಚ್ಚಿಟ್ಟುಕೊಂಡೆವು.

ಹೊರಡುವ ದಿನ ಬೆಳಿಗ್ಗೆ ಎಲ್ಲರೂ ನೋಡುವ ಹಾಗೆ ಟ್ರಂಕು, ಹಾಸಿಗೆ ಸುತ್ತಿದ ಹೋಲ್ಡಾಲು ಆಟೋದಲ್ಲಿ ಹೇರಿದೆವು. ತುಳಸಿಗೆ ನೀರು ಹಾಕಲು ಅಮ್ಮ ಪೊನ್ನಮ್ಮ ಆಂಟಿಗೆ ಹೇಳಿದಳು. ಅಪ್ಪ ಮುಂಬಾಗಿಲಿಗೆ ದೊಡ್ಡ ಬೀಗ ಜಡಿದರು. ಸ್ಟೇಷನ್ನಿನಲ್ಲಿ ದಿನವಿಡೀ ಕೂತು, ಸಂಜೆ ಮಂಜು ಇಳಿದ ಮೇಲೆ ಹಿಂದಿನ ಗಲ್ಲಿಯಿಂದ ತಗಡಿನ ಬಾಗಿಲು ಸರಿಸಿ ಒಳಗೆ ಬಂದೆವು. ಅಪ್ಪ ಮೊದಲೇ ಕಿಟಕಿಯ ಗಾಜುಗಳಿಗೆಲ್ಲ ಪುಸ್ತಕಕ್ಕೆ ಹಾಕುವ ನೀಲಿ ಕಾಗದ ಅಂಟಿಸಿದ್ದರು. ಮಾರನೆಯ ದಿನ ಎದ್ದಾಗ ಮನೆಯೆಲ್ಲ ನೀಲಿ. ಗೋಡೆ ನೀಲಿ, ರಜಾಯಿ ನೀಲಿ, ಅಮ್ಮನ ಮುಖ ನೀಲಿ. ಸುಮಾ ಕೈ ಮುಂದೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

“ಅಮ್ಮಾ, ನಾವು ಸಮುದ್ರಕ್ಕೆ ಬಂದ್ವಾ?”

“ಹ್ಞೂಂ ಪುಟ್ಟಿ, ಬಂದ್ವಿ. ಮೆಲ್ಲಗೆ ಮಾತಾಡು.”

ಅಮ್ಮ ಹಾಗೆ ಹೇಳಿದ್ದು ಮಗುವನ್ನು ಸುಮ್ಮನಿರಿಸಲು. ಆದರೆ ಸುಮಾ ನಂಬಿದಳು.

ಆ ಮನೆಯಲ್ಲಿ ಬದುಕುವುದಕ್ಕೆ ಹೊಸ ನಿಯಮಗಳಾದವು. ಕುಕ್ಕರ್ ಇಡುವ ಹಾಗಿಲ್ಲ, ಅದು ಕೂಗುತ್ತದೆ. ಒಗ್ಗರಣೆ ಹಾಕುವ ಹಾಗಿಲ್ಲ. ಸಾಸಿವೆ ಸಿಡಿದರೆ, ಇಂಗಿನ ವಾಸನೆ ಮೆಟ್ಟಿಲು ಹತ್ತಿದರೆ, ಇಡೀ ಬ್ಲಾಕಿನಲ್ಲಿ ಅದು ಯಾರ ಮನೆಯದು ಎಂದು ಗೊತ್ತಾಗದವರಿಲ್ಲ. ಅಮ್ಮ ತನ್ನ ಗಾಜಿನ ಬಳೆಗಳಿಗೆ ಹಳೇ ಪಂಚೆಯ ಚೂರು ಸುತ್ತಿಕೊಂಡಳು. ಬಚ್ಚಲಲ್ಲಿ ನೀರನ್ನು ಗೋಡೆಗುಂಟ ಜಾರಿಸಿ ಬಿಡಬೇಕು. ಕೆಮ್ಮು ಬಂದರೆ ರಜಾಯಿಯಲ್ಲಿ ಮುಖ ಹುದುಗಿಸಬೇಕು. ತಿನ್ನುವುದಕ್ಕೆ ನೆನೆಸಿದ ಅವಲಕ್ಕಿ, ಬ್ರೆಡ್ಡು, ಹುರಿಹಿಟ್ಟು. ಮಧ್ಯಾಹ್ನ ಶರ್ಮಾಜಿ ಮನೆಯ ರೇಡಿಯೋ ಜೋರಾದಾಗ ಮಾತ್ರ ತೆರೆದ ಪಾತ್ರೆಯಲ್ಲಿ ಗಂಜಿ. ಮೂರನೆಯ ದಿನಕ್ಕೆ ಸುಮಾ ತಟ್ಟೆ ತಳ್ಳಿದಳು.

“ಒಗ್ಗರಣೆ ಹಾಕಮ್ಮ. ಚಟಪಟ ಅನ್ನಿಸಮ್ಮ.”

“ದ್ವೀಪದಲ್ಲಿ ಒಗ್ಗರಣೆ ಇರಲ್ಲ, ತಿನ್ನು,” ಎಂದರು ಅಪ್ಪ.

ಅಮ್ಮ ಅಪ್ಪನ ಕಡೆ ನೋಡಿದಳು. ಅವರಿಬ್ಬರೂ ಆ ಇಪ್ಪತ್ತು ದಿನ ಜಗಳವಾಡಿದ್ದು ಹೀಗೆ, ನೋಟದಲ್ಲೇ. ದನಿ ಎತ್ತಿ ಜಗಳವಾಡುವ ಅಪ್ಪ ಅಮ್ಮನಿಗೆ ನಾನು ಹೆದರುತ್ತಿದ್ದೆ. ದನಿಯಿಲ್ಲದ ಅವರ ಜಗಳ ಅದಕ್ಕಿಂತ ಕೆಟ್ಟದು ಎಂದು ಆಗ ತಿಳಿಯಿತು.

ದಿನಕ್ಕೆ ಎರಡು ಸಲ ಅಪ್ಪ ನಮಗೆ ಪಾಠ ಮಾಡುತ್ತಿದ್ದರು. ಲೈಬ್ರರಿಯಿಂದ ತಂದ ಒಂದು ಪುಸ್ತಕ, ಒಂದು ನಕ್ಷೆ. ಡಿಸೆಂಬರಿನ ಚಳಿಯಲ್ಲಿ ಕಾಲಿಗೆ ಉಣ್ಣೆಯ ಚೀಲ ಹಾಕಿಕೊಂಡು, ಬಾಯಿಂದ ಆವಿ ಬಿಡುತ್ತ, ನಾವು ಬಿಸಿಲ ನಾಡನ್ನು ಬಾಯಿಪಾಠ ಮಾಡಿದೆವು. ಹಡಗಿನಲ್ಲಿ ಮೊದಲ ದಿನ ಅಮ್ಮನಿಗೆ ವಾಂತಿಯಾಯಿತು. ಗೆಸ್ಟ್‌ಹೌಸಿನಲ್ಲಿ ಇಳಿದುಕೊಂಡೆವು. ಜೈಲು ನೋಡಿದೆವು, ಅದಕ್ಕೆ ನಕ್ಷತ್ರದ ಹಾಗೆ ಕೈಗಳಿವೆ. ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕೂತು ಹವಳ ನೋಡಿದೆವು. ಒಂದು ದ್ವೀಪದಲ್ಲಿ ಮರದ ಬೇರುಗಳು ಬಂಗಲೆಗಳನ್ನೇ ನುಂಗಿಬಿಟ್ಟಿವೆ. ನಾಳೆ ಯಾರು ಏನು ಕೇಳಿದರೂ ನಾನು ತಡವರಿಸಬಾರದು. ಸುಮಾಳಿಗೆ ಮಾತ್ರ ಅದು ಬಾಯಿಪಾಠವಾಗಿರಲಿಲ್ಲ. ನೀಲಿ ಬೆಳಕಿನಲ್ಲಿ ಮಲಗಿ ಅವಳು ಅದನ್ನೆಲ್ಲ ನೋಡುತ್ತಿದ್ದಳು.

ದಿನಾ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಪೊನ್ನಮ್ಮ ಆಂಟಿ ಬಂದು ತುಳಸಿಗೆ ನೀರು ಹಾಕುತ್ತಿದ್ದರು. ಒಂಟಿಯಾಗಿದ್ದವರು, ಗಿಡದ ಜೊತೆಗೂ ಮಾತಾಡುತ್ತಿದ್ದರು. ಒಂದು ಹಲಗೆಯ ಈಚೆ ನಿಂತು ನಾನು ಕೇಳಿಸಿಕೊಳ್ಳುತ್ತಿದ್ದೆ. ಹೊರಗಿನ ಲೋಕದಿಂದ ನಮಗೆ ಬರುತ್ತಿದ್ದ ಮಾತು ಅದೊಂದೇ. ಎಷ್ಟು ಚಳಿ, ಆಸ್ಪತ್ರೆಯಲ್ಲಿ ಯಾವ ಡಾಕ್ಟರು ಬೈದರು, ಗಂಡನ ಕಾಗದ ಬಂತೋ ಇಲ್ಲವೋ. ನಾವು ಸತ್ತುಹೋಗಿದ್ದೇವೆ, ಇನ್ನೂ ಇರುವವರ ಮಾತನ್ನು ಕದ್ದು ಕೇಳುತ್ತಿದ್ದೇವೆ ಎಂದು ನನಗೆ ಅನ್ನಿಸುತ್ತಿತ್ತು.

ಒಂಬತ್ತನೆಯ ದಿನ ಸುಮಾಳಿಗೆ ಜ್ವರ ಬಂತು. ಅಪ್ಪ ಇಟ್ಟುಕೊಂಡಿದ್ದ ಮಾತ್ರೆ ಕೊಟ್ಟರು, ಇಳಿಯಿತು, ಮತ್ತೆ ಏರಿತು. ಹನ್ನೊಂದನೆಯ ದಿನ ಅವಳು ಕುತ್ತಿಗೆ ಬಗ್ಗಿಸಲಾರದೆ ನರಳತೊಡಗಿದಳು. ಹಜಾರದ ಮಂಚದಲ್ಲಿ ಅವಳನ್ನು ಮಲಗಿಸಿ ಅಮ್ಮ ಒದ್ದೆಬಟ್ಟೆ ಹಾಕುತ್ತಿದ್ದಳು.

“ಪೊನ್ನಮ್ಮನ್ನ ಕರೀರಿ,” ಎಂದಳು ಅಮ್ಮ. “ನಿಮ್ಮ ಕಾಲು ಹಿಡೀತೀನಿ.”

“ಪೊನ್ನಮ್ಮನಿಗೆ ಗೊತ್ತಾದ್ರೆ ಮೇಲಿನವರಿಗೆ ಗೊತ್ತಾಯ್ತು ಅಂತಲೇ ಲೆಕ್ಕ. ಆಮೇಲೆ ಕೆಲಸ ಇರಲ್ಲ, ಈ ಮನೆ ಇರಲ್ಲ. ನಾಳೆ ಇಳಿಯುತ್ತೆ, ನೋಡು.”

ಆಮೇಲೆ ಅಪ್ಪ ನನ್ನ ಭುಜ ಹಿಡಿದುಕೊಂಡರು.

“ಮಗಾ, ನೀನು ಗಂಡಸು. ಆ ಬಾಗಿಲ ಹತ್ತಿರ ಸದ್ದಾಗಬಾರದು. ನಿನ್ನ ಮೇಲೆ ಬಿಟ್ಟಿದ್ದೀನಿ.”

ಮಾರನೆಯ ಬೆಳಿಗ್ಗೆ, ಅಪ್ಪ ಅಮ್ಮ ಇಬ್ಬರೂ ಅಡುಗೆಮನೆಯಲ್ಲಿ ನೀರು ಕಾಯಿಸುತ್ತಿದ್ದಾಗ, ಹೊರಗೆ ಚೊಂಬಿನ ಸದ್ದಾಯಿತು. ನಾನು ಬಾಗಿಲ ಹತ್ತಿರ ಹೋದೆ. ಹಿಂದೆ ಮಂಚದಲ್ಲಿ ಸುಮಾ ಸಣ್ಣಗೆ ನರಳಿದಳು. ಹೊರಗೆ ನೀರು ಬೀಳುವುದು ನಿಂತಿತು.

“ಯಾರು? ಒಳಗೆ ಯಾರಾದ್ರೂ ಇದ್ದೀರಾ?” ಎಂದರು ಆಂಟಿ.

ನಾನು ಕೈ ಎತ್ತಿದೆ. ಗೆಣ್ಣುಗಳು ಹಲಗೆಗೆ ತಾಗಿದ್ದವು. ಒಂದು ಸಲ ತಟ್ಟಿದ್ದರೆ ಸಾಕಿತ್ತು. ಆಸ್ಪತ್ರೆಗೆ ಹೊರಟ ನರ್ಸು ಅಲ್ಲೇ ನಿಂತಿದ್ದರು, ನಾನು ಅವರ ಉಸಿರು ಕೇಳುವಷ್ಟು ಹತ್ತಿರ. ನಾನು ಸದ್ದಾಗದ ಹಾಗೆ ಕೈಯನ್ನು ಹಲಗೆಗೆ ಒತ್ತಿ ಹಿಡಿದೆ. ಆಂಟಿ ಸ್ವಲ್ಪ ಹೊತ್ತು ನಿಂತರು. ಬೀಗ ಒಂದು ಸಲ ಅಲುಗಿತು. ಆಮೇಲೆ ತುಳಸಿಗೆ ಒಂದು ಮಾತು ಹೇಳಿ ಹೊರಟುಹೋದರು. ಅಪ್ಪ ಬಂದು ನನ್ನ ತಲೆ ಸವರಿದರು. ಇದನ್ನು ಬರೆಯಲೇಬೇಕು: ಆ ಕ್ಷಣ ನನಗೆ ಹೆಮ್ಮೆಯಾಗಿತ್ತು.

ಮಾರನೆಯ ದಿನ ನಸುಕಿನಲ್ಲಿ ಅಪ್ಪನೇ ಸೋತರು. ಸುಮಾಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹಿಂದಿನ ಗಲ್ಲಿಯಿಂದ ಯಮುನೆಯ ಆಚೆ, ನಮ್ಮ ಗುರುತಿನವರು ಇಲ್ಲದ ಆಸ್ಪತ್ರೆಗೆ ಹೋದರು. ಮೆದುಳಿನ ಜ್ವರ, ಎರಡು ದಿನ ಮೊದಲು ಬರಬೇಕಿತ್ತು ಎಂದರಂತೆ ಡಾಕ್ಟರು. ಹುಡುಗಿ ಉಳಿದಳು, ನಿತ್ರಾಣದಿಂದ ಸದಾ ಮಂಪರಿನಲ್ಲೇ ಇರುತ್ತಿದ್ದಳು. ಇಪ್ಪತ್ತನೆಯ ದಿನ ಅವಳನ್ನು ಆಸ್ಪತ್ರೆಯಿಂದಲೇ ಕರೆದುಕೊಂಡು, ಹಿಂದಿನ ರಾತ್ರಿಯೇ ಗಲ್ಲಿಯಿಂದ ಅಲ್ಲಿಗೆ ಸಾಗಿಸಿಟ್ಟಿದ್ದ ಟ್ರಂಕು, ಹೋಲ್ಡಾಲು ಹೇರಿ, ಮಧ್ಯಾಹ್ನ ಆಟೋದಲ್ಲಿ ನಮ್ಮ ಮನೆ ಮುಂದೆ ಇಳಿದೆವು. ಶರ್ಮಾಜಿ ಮೇಲಿನಿಂದ ಬಗ್ಗಿ ನೋಡಿ ಹಿಂದಿಯಲ್ಲಿ ಕೂಗಿದರು, ಸಮುದ್ರದಿಂದ ಬಂದವರು ಇಷ್ಟು ಬೆಳ್ಳಗಿದ್ದೀರಲ್ಲ, ನೆರಳಲ್ಲೇ ಕೂತಿದ್ರಾ ಎಂದು. ಅಪ್ಪ ನಕ್ಕು, ಜನಪಥದ ಅಂಗಡಿಯಲ್ಲಿ ಕೊಂಡಿದ್ದ ಕಪ್ಪೆಚಿಪ್ಪುಗಳನ್ನು ಅವರ ಮಕ್ಕಳಿಗೆ ಹಂಚಿದರು.

ಅಮ್ಮ ಸೀದಾ ಅಡುಗೆಮನೆಗೆ ಹೋದಳು. ಬಳೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಎಸೆದಳು. ಬಾಣಲೆ ಇಟ್ಟು, ಎಣ್ಣೆ ಕಾಯಿಸಿ, ಹಿಡಿ ತುಂಬ ಸಾಸಿವೆ ಹಾಕಿದಳು. ಅಷ್ಟು ಜೋರಾಗಿ ಸಾಸಿವೆ ಸಿಡಿದದ್ದನ್ನು ನಾನು ಮತ್ತೆಂದೂ ಕೇಳಿಲ್ಲ. ಅಮ್ಮ ನಗುತ್ತ ಹಿಂತಿರುಗಿ ನೋಡಿದಳು. ಸುಮಾ ಅಡುಗೆಮನೆಯ ಹೊಸಿಲ ಮೇಲೆ ಬೆನ್ನು ಮಾಡಿ ಕೂತು ಕಪ್ಪೆಚಿಪ್ಪು ಜೋಡಿಸುತ್ತಿದ್ದಳು. ತಿರುಗಲಿಲ್ಲ. ಅಮ್ಮ ಸೌಟಿನಿಂದ ಬಾಣಲೆಗೆ ಬಡಿದಳು. ತಿರುಗಲಿಲ್ಲ. “ಪುಟ್ಟೀ” ಎಂದಳು. ಒಗ್ಗರಣೆ ಕಪ್ಪಾಗಿ ಹೊಗೆ ತುಂಬಿತು, ಯಾರೂ ಒಲೆ ಆರಿಸಲಿಲ್ಲ.

ಸುದ್ದಿ ಕೇಳಿ ಬಂದ ಪೊನ್ನಮ್ಮ ಆಂಟಿಗೂ ದ್ವೀಪದಲ್ಲಿ ಜ್ವರ ಬಂತು ಎಂದೇ ಹೇಳಿದೆವು. ಅವರು ಸುಮಾಳ ಕಣ್ಣು, ಕಿವಿ ನೋಡಿದರು. ಆಮೇಲೆ ಅಪ್ಪನನ್ನಲ್ಲ, ಅಮ್ಮನನ್ನಲ್ಲ, ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಶಾಲೆಯಲ್ಲಿ ಮೇಡಂ ನನ್ನಿಂದ ದ್ವೀಪಯಾತ್ರೆಯ ಪ್ರಬಂಧ ಬರೆಸಿ ಎಲ್ಲರ ಮುಂದೆ ಓದಿಸಿದರು, ಕ್ಲಾಸೆಲ್ಲ ಚಪ್ಪಾಳೆ ತಟ್ಟಿತು. ಅವತ್ತಿನಿಂದ ಪೆನ್ನು ಹಿಡಿದರೆ ಕೈ ಬೆವರುತ್ತಿತ್ತು. ಮೂರು ವರ್ಷ ಹೇಗೋ ತಳ್ಳಿ ಶಾಲೆ ಬಿಟ್ಟು, ಮುನಿರ್ಕಾದ ಒಬ್ಬ ಬಡಗಿಯ ಹತ್ತಿರ ಕೆಲಸಕ್ಕೆ ಸೇರಿದೆ. ಮರ ಅಳತೆಗೆ ಕೂರದಿದ್ದರೆ ಕೂರುವುದಿಲ್ಲ. ಅದಕ್ಕೆ ಸುಳ್ಳು ಬರೆದು ಕೊಡಲಾಗುವುದಿಲ್ಲ.

ಅಮ್ಮ ತನ್ನ ಉಳಿದ ಆಯುಷ್ಯವನ್ನು ಸುಮಾಳ ಮುಂದೆ ಕೂತು ಕಳೆದಳು, ತುಟಿ ಓದಿಸುತ್ತ. ದೆಹಲಿಯಲ್ಲಿ ಹುಟ್ಟಿದ ಸುಮಾಳಿಗೆ ಹಿಂದಿಯ ತುಟಿಗಳು ಓಡಿಹೋಗುತ್ತವೆ, ಕನ್ನಡದ ತುಟಿಗಳು ಮಾತ್ರ ನಿಲ್ಲುತ್ತವೆ. ಬಲಗಿವಿಯ ಯಂತ್ರ ಸ್ವಲ್ಪ ಗುಂಯ್‌ ಎನ್ನುವ ಸದ್ದು ಕೊಡುತ್ತದೆ, ಅಷ್ಟೇ. ಅವಳು ಹೊಲಿಗೆ ಕಲಿತಳು, ನಮ್ಮ ಜೊತೆಯೇ ಇದ್ದಾಳೆ, ನಮ್ಮ ಸೊಸೈಟಿಯ ಅರ್ಧ ಹೆಂಗಸರ ರವಿಕೆ ಅವಳದೇ. ಯಾರಾದರೂ ಕಿವಿಯ ವಿಚಾರ ಕೇಳಿದರೆ, “ಅಂಡಮಾನಿಗೆ ಹೋಗಿದ್ದಾಗ ಹೀಗಾಯ್ತು. ಆದ್ರೆ ಎಷ್ಟು ಚೆನ್ನಾಗಿತ್ತು ಗೊತ್ತಾ?” ಎನ್ನುತ್ತಾಳೆ. ಅಪ್ಪ ಆ ಮಾತು ಬಂದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದರು. ಅಪ್ಪ ಹೋದ ಎಷ್ಟೋ ವರ್ಷದ ಮೇಲೆ, ಅಮ್ಮ ತಾನು ಹೋಗುವ ಮುಂಚೆ ನನ್ನನ್ನು ಕರೆದು ಹೇಳಿದ್ದಳು:

“ಅವಳಿಗೆ ಹೇಳಬೇಡ ಕಣೋ. ಕಿವಿ ಅಂತೂ ಕಿತ್ಕೊಂಡ್ವಿ. ಸಮುದ್ರವನ್ನಾದ್ರೂ ಬಿಡೋಣ.”

ಕಳೆದ ಚಳಿಗಾಲದಲ್ಲಿ ನನ್ನ ಮಗಳು ನಿಶಾ, ನೋಯ್ಡಾದ ಆಫೀಸಿನಲ್ಲಿ ಬಡ್ತಿ ಸಿಕ್ಕಿದ ಖುಷಿಗೆ, ನಮಗೆ ಯಾರಿಗೂ ಹೇಳದೆ ವಿಮಾನದ ಟಿಕೆಟ್ ಮಾಡಿಸಿದಳು. “ಸರ್‌ಪ್ರೈಸ್ ಪಪ್ಪಾ. ಅಂಡಮಾನ್. ಅತ್ತೆ ಕಾ ಡ್ರೀಮ್ ಹೈ ನಾ, ಮತ್ತೆ ನೋಡಬೇಕು ಅಂತ?” ಎಂದಳು. ಸುಮಾ ಅವಳನ್ನು ತಬ್ಬಿಕೊಂಡು ಅತ್ತಳು. ಕೆಲಸವಿದೆ ಎಂದು ತಪ್ಪಿಸಿಕೊಳ್ಳಲು ನೋಡಿದೆ, ನನ್ನ ಹೆಂಡತಿ ಗೀತಾ ಬಿಡಲಿಲ್ಲ.

ಆರು ದಿನ ದ್ವೀಪದಿಂದ ದ್ವೀಪಕ್ಕೆ ಸುತ್ತಿದೆವು. ನಾನು ಬಾಯಿಪಾಠ ಮಾಡಿದ್ದೆಲ್ಲ ನಿಜವಾಗಿ ಅಲ್ಲಿತ್ತು. ಭಯವಾದದ್ದು ಅದಕ್ಕೇ. ನಕ್ಷತ್ರದ ಕೈಗಳ ಜೈಲು, ಹವಳ, ಕಣ್ಣು ಕುಕ್ಕುವ ಬಿಳಿ ಮರಳು, ಎಳನೀರಿನ ರಾಶಿ. ಸುಮಾ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು, ತವರಿಗೆ ಬಂದವಳ ಹಾಗೆ. “ಹಡಗಿನಲ್ಲಿ ಅಮ್ಮನಿಗೆ ವಾಂತಿಯಾಗಿತ್ತು, ನೆನಪಿದೆಯಾ ಅಣ್ಣಾ?” ಎನ್ನುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ. ಗಾಜಿನ ತಳದ ದೋಣಿಯಲ್ಲಿ ಅವಳು ಬಗ್ಗಿ ನೋಡಿದಾಗ ಕೆಳಗಿನ ನೀರಿನ ಬಣ್ಣ ಅವಳ ಮುಖದ ಮೇಲೆ ಬಿತ್ತು. ಕೈ ಮುಂದೆ ಹಿಡಿದು ತಿರುಗಿಸಿ ನೋಡಿಕೊಂಡು, “ಇದೇ ನೀಲಿ,” ಎಂದಳು. ನಾನು ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಕೊನೆಯ ದಿನ ಬೇರುಗಳು ಬಂಗಲೆ ನುಂಗಿದ ದ್ವೀಪಕ್ಕೆ ಹೋದೆವು. ಗೀತಾ, ನಿಶಾ ಜಿಂಕೆಗಳ ಫೋಟೋ ತೆಗೆಯುತ್ತ ಮುಂದೆ ಹೋದರು. ಚಾವಣಿಯಿಲ್ಲದ ಒಂದು ಮನೆ, ಬಾಗಿಲಿದ್ದ ಜಾಗವನ್ನು ಆಲದ ಬೇರು ಸುತ್ತಿ ಬಿಗಿದಿತ್ತು. ಅಭ್ಯಾಸಬಲದಿಂದ ನಾನು ಅದರ ಮೇಲೆ ಕೈ ಇಟ್ಟೆ. ಸುಮಾ ಹಿಂದಿನಿಂದ ನೋಡುತ್ತಿದ್ದಳು.

“ಹೀಗೇ ನಿಂತಿದ್ದೆ ನೀನು.”

ನಾನು ತಿರುಗಿದೆ.

“ನನಗೆ ಜ್ವರ ಬಂದಾಗ, ಆ ಗೆಸ್ಟ್‌ಹೌಸಿನಲ್ಲಿ. ಎಲ್ಲ ನೀಲಿ ಇತ್ತು. ನೀನು ಬಾಗಿಲ ಮೇಲೆ ಕೈ ಒತ್ತಿ ನಿಂತಿದ್ದೆ. ಯಾರೂ ಒಳಗೆ ಬಂದು ನನಗೇನೂ ಮಾಡದ ಹಾಗೆ. ನನಗೆ ತುಂಬ ಧೈರ್ಯ ಆಗಿತ್ತು. ಈಗಲೂ ಹೆದರಿಕೆ ಆದ್ರೆ ಅದನ್ನೇ ನೆನೆಸ್ಕೋತೀನಿ, ಅಣ್ಣ ಬಾಗಿಲ ಹತ್ತಿರ ಇದ್ದಾನೆ ಅಂತ.” ಅವಳು ಸುತ್ತ ನೋಡಿದಳು. “ಆ ಗೆಸ್ಟ್‌ಹೌಸ್ ಯಾವ ದ್ವೀಪದಲ್ಲಿತ್ತು? ಅದನ್ನೊಂದು ನೋಡಿಬಿಡ್ತೀನಿ.”

ಅಮ್ಮನ ಮಾತು ನೆನಪಾಯಿತು. ಸಮುದ್ರದ ವಿಷಯದಲ್ಲಿ ಅದನ್ನು ನಡೆಸಿಕೊಡಬಹುದಿತ್ತೇನೋ. ಆದರೆ ಈ ಕಾವಲುಗಾರನ ಪಟ್ಟ ಹೊತ್ತುಕೊಂಡು ದೆಹಲಿಗೆ ವಾಪಸ್ಸಾಗುವುದು ನನ್ನಿಂದ ಆಗುತ್ತಿರಲಿಲ್ಲ. ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ನನ್ನ ಮುಖಕ್ಕೆ ಬಿಸಿಲು ಬೀಳುವ ಹಾಗೆ ಎದುರು ಕೂತೆ. ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದೆ. ಹಡಗು ಇರಲಿಲ್ಲ ಸುಮಾ. ಆರ್.ಕೆ.ಪುರಂನ ನಮ್ಮ ಮನೆಯೇ ಅದು. ಕಿಟಕಿಗೆ ಅಪ್ಪ ಕಾಗದ ಅಂಟಿಸಿದ್ದರು. ಬಾಗಿಲ ಆಚೆ ಪೊನ್ನಮ್ಮ ಆಂಟಿ ನಿಂತಿದ್ದರು. ಒಳಗೆ ಯಾರಾದರೂ ಇದ್ದೀರಾ ಅಂತ ಕೇಳಿದರು. ನಾನು ಕೈ ಎತ್ತಿದ್ದೆ. ತಟ್ಟಲಿಲ್ಲ.

ಅಷ್ಟರಲ್ಲಿ ಅವಳು ಮುಖ ತಿರುಗಿಸಿದಳು. ಕಿವಿಯಿರುವವರು ಮಾತು ಬೇಡವೆಂದರೂ ಕೇಳಲೇಬೇಕು. ಸುಮಾ ಬೇರೆ ಕಡೆ ನೋಡಿದರೆ ಮುಗಿಯಿತು, ಅವಳ ಮಟ್ಟಿಗೆ ನಾನು ಇಲ್ಲ. ಅವಳು ಸಮುದ್ರದ ಕಡೆ ನೋಡುತ್ತ ಕೂತಳು. ಹಿಂತಿರುಗುವ ದೋಣಿಯ ಸೀಟಿ ಒಂದು ಸಲ ಕೂಗಿತು, ಎರಡು ಸಲ ಕೂಗಿತು. ನಿಶಾ ದೂರದಿಂದ ಕೈ ಬೀಸಿದಳು. ಕ್ಷಮಿಸು ಎನ್ನುವುದಕ್ಕೂ ನನಗೆ ಅವಳ ಮುಖ ಬೇಕಿತ್ತು. ಅವಳ ಭುಜ ಮುಟ್ಟಿ ತಿರುಗಿಸಬಹುದಿತ್ತು. ಮುಟ್ಟಲಿಲ್ಲ. ಕಾದೆ.

ಎಷ್ಟು ಹೊತ್ತಾಯಿತೋ. ಅವಳು ತಿರುಗಿದಾಗ ಕಣ್ಣು ಒಣಗಿತ್ತು.

“ಅವತ್ತು ನನಗೆ ಇನ್ನೂ ಕಿವಿ ಕೇಳಿಸ್ತಿತ್ತಾ?”

“ಕೇಳಿಸ್ತಿತ್ತು ಅನ್ಸುತ್ತೆ.”

“ಆಂಟಿ ಬಾಗಿಲ ಆಚೆ ಏನೋ ಹೇಳಿದ್ರು. ದನಿ ನೆನಪಿದೆ, ಮಾತು ನೆನಪಿಲ್ಲ. ಅದನ್ನ ಸಮುದ್ರ ಅಂದ್ಕೊಂಡಿದ್ದೆ.” ಅವಳು ನನ್ನ ತುಟಿಯ ಮೇಲೆ ಕಣ್ಣು ನೆಟ್ಟಳು. “ಏನಂದ್ರು?”

ಅಷ್ಟು ವರ್ಷ ಯಾರಿಗೂ ಹೇಳದ ಆ ಮಾತು ಅಲ್ಲೇ ಇತ್ತು, ಹಲಗೆಯ ಆಚೆ.

“ತುಳಸಿಗೆ ಹೇಳಿದ್ದು. ‘ಬರ್ತಾರೆ ಕಣೇ, ಬಂದೇ ಬರ್ತಾರೆ. ಅಲ್ಲಿವರೆಗೆ ಒಣಗಬೇಡ’ ಅಂದ್ರು.”

ಸುಮಾಳ ತುಟಿ ಆ ಮಾತಿನ ಜೊತೆ ಸ್ವಲ್ಪ ಅಲುಗಿತು. ಕೊನೆಗೆ ತಲುಪುವಷ್ಟರಲ್ಲಿ ತಪ್ಪಿಹೋಯಿತು. ಅವಳು ಕೈ ಚಾಚಿ ನನ್ನ ಗಲ್ಲ ಹಿಡಿದು, ಮುಖವನ್ನು ಬಿಸಿಲಿನ ಕಡೆಗೆ ತಿರುಗಿಸಿದಳು.

“ಇನ್ನೊಂದು ಸಲ ಹೇಳು. ನಿಧಾನಕ್ಕೆ.”